ಹರಪನಹಳ್ಳಿ–ಕೊಟ್ಟೂರು ಸೀಮೆಯ ಹೆಸರಾಂತರು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಈಗ ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. 2021ರಲ್ಲಿ ಹೊಸ ಜಿಲ್ಲೆ ಆಗುವವರೆಗೆ ಬಳ್ಳಾರಿಯ ಕಚೇರಿಗಳಲ್ಲಿ ಈ ಭಾಗವನ್ನು ‘ಪಶ್ಚಿಮ ತಾಲ್ಲೂಕು’ ಎಂದು ಒಟ್ಟಿಗೇ ಹೇಳುತ್ತಿದ್ದರು. ನಡುವೆ ಹರಪನಹಳ್ಳಿ ಎರಡು ದಶಕ ದಾವಣಗೆರೆ ಜಿಲ್ಲೆಗೆ ಹೋಗಿ ಬಂತು. ಕೊಟ್ಟೂರು ಕೂಡ್ಲಿಗಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ಈಚೆಗೆ. ಗಡಿಗೆರೆ ಎಷ್ಟೇ ಅಲುಗಾಡಿದರೂ ಐದೂ ಕಡೆಯ ಜಾತ್ರೆ, ನೆಂಟಸ್ತನ, ನುಡಿ ಒಂದಕ್ಕೊಂದು ಹೆಣೆದುಕೊಂಡೇ ಇವೆ. ಈ ಸೀಮೆಯಲ್ಲಿ ಯಾರು ದೊಡ್ಡವರಾದರು ಎಂದು ತಿಳಿಯಲು ಶಾಸನ, ಗ್ಯಾಸೆಟಿಯರ್, ಪ್ರಶಸ್ತಿ ಪಟ್ಟಿಗಳಿವೆ. ಅವಕ್ಕಿಂತ ನೆಚ್ಚಬಹುದಾದ ದಾಖಲೆ ಇನ್ನೊಂದಿದೆ: ಶಾಲೆಯ ಹಾಜರಿ ಪುಸ್ತಕ. ಕೊಟ್ಟೂರು ಸುತ್ತಿನ ಯಾವ ಶಾಲೆಗೆ ಹೋದರೂ ಒಂದು ತರಗತಿಯಲ್ಲಿ ಇಬ್ಬರು ಮೂವರು ಕೊಟ್ರೇಶರು ಸಿಗುತ್ತಾರೆ. ಮೇಷ್ಟ್ರು ‘ಕೊಟ್ರೇಶ’ ಎಂದು ಕೂಗಿದರೆ ಒಟ್ಟಿಗೇ ಎದ್ದು ನಿಲ್ಲುತ್ತಾರೆ. ಕೊಟ್ರಗೌಡ, ಕೊಟ್ರಬಸಪ್ಪ, ಕೊಟ್ರಮ್ಮ ಬೇರೆ. ಆಚೆ ಊರಿನಲ್ಲಿ ಮರುಳಸಿದ್ದಪ್ಪ, ಇನ್ನೊಂದೆಡೆ ಮೈಲಾರಪ್ಪ, ಬೆಟ್ಟದ ಕಡೆ ಉಚ್ಚಂಗೆಪ್ಪ, ಉಚ್ಚೆಂಗೆಮ್ಮ. ರಾಜರ ಹೆಸರು ಇಲ್ಲಿ ಮಕ್ಕಳಿಗೆ ಅಷ್ಟಾಗಿ ಅಂಟಿಲ್ಲ.

ರಾಜರಿಗೇನೂ ಕೊರತೆ ಇರಲಿಲ್ಲ. ಹಿರೇಹಡಗಲಿಯಲ್ಲಿ ಸಿಕ್ಕ ತಾಮ್ರಶಾಸನ ಪಲ್ಲವ ದೊರೆ ಶಿವಸ್ಕಂದವರ್ಮನದು. ಅದರ ಭಾಷೆ ಪ್ರಾಕೃತ. ಕನ್ನಡ ಇನ್ನೂ ಕಲ್ಲಿನ ಮೇಲೆ ಕಾಲೂರುವ ಮೊದಲಿನ ಕಾಲದ್ದು. ಆಮೇಲೆ ಕೋಗಳಿ ಐನೂರು ಎಂಬ ನಾಡು ಶಾಸನಗಳಲ್ಲಿ ಕಾಣಿಸುತ್ತದೆ. ಅದರ ನಡುವಿನ ಕೋಗಳಿ ಈಗ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಹಳ್ಳಿ, ಒಂದು ಕಾಲಕ್ಕೆ ಜೈನರ ನೆಲೆ. ವಡ್ಡಾರಾಧನೆಯ ಶಿವಕೋಟ್ಯಾಚಾರ್ಯನನ್ನು ಈ ಕೋಗಳಿ ನಾಡಿಗೆ ಸೇರಿಸುವ ವಿದ್ವಾಂಸರಿದ್ದಾರೆ. ಹರಪನಹಳ್ಳಿ ಹತ್ತಿರದ ಬಾಗಳಿಯ ಕಲ್ಲೇಶ್ವರ ಗುಡಿಯ 987ರ ಶಾಸನ ದುಗ್ಗಿಮಯ್ಯನೆಂಬವನ ಹೆಸರನ್ನು ಉಳಿಸಿದೆ. ಕಲ್ಯಾಣದ ಚಾಲುಕ್ಯ ಮನೆತನವನ್ನು ಕಟ್ಟಿದ ತೈಲಪನ ಆಳ್ವಿಕೆಯಲ್ಲಿ ಆ ದೇವರನ್ನು ಪ್ರತಿಷ್ಠೆ ಮಾಡಿಸಿದವನು ಅವನು. ಹಡಗಲಿಯ ಕೇಶವಸ್ವಾಮಿ ಗುಡಿ ಕಟ್ಟಿಸಿದವಳು ದಂಡನಾಯಕ ರವಿದೇವನ ಹೆಂಡತಿ ರೆಬ್ಬಲದೇವಿ. ಆಗ ಆಳುತ್ತಿದ್ದವನು ಆರನೆಯ ವಿಕ್ರಮಾದಿತ್ಯ. ಗಂಡ ಕತ್ತಿ ಹಿಡಿದು ಗಳಿಸಿದ ಹೆಸರು ಹೋಯಿತು, ಹೆಂಡತಿ ಕಲ್ಲಿನಲ್ಲಿ ಕಟ್ಟಿಸಿದ್ದು ನಿಂತಿತು.

ಈ ಸೀಮೆಯ ರಾಜಕೀಯವನ್ನು ಒಂದೇ ನೋಟದಲ್ಲಿ ಕಾಣಬೇಕೆಂದರೆ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗ ಹತ್ತಬೇಕು. ನೊಳಂಬರು ಅಲ್ಲಿ ಬಲವಾಗಿದ್ದರು. ಗಂಗರ ಮಾರಸಿಂಹ ಅವರನ್ನು ಮುರಿದು ‘ನೊಳಂಬಕುಲಾಂತಕ’ ಎನಿಸಿಕೊಂಡ. ಬಳಿಕ ಪಾಂಡ್ಯರೆಂಬ ಸಾಮಂತ ಮನೆತನ ಅಲ್ಲಿಂದ ನೊಳಂಬವಾಡಿಯನ್ನು ಆಳಿತು. ಮಧುರೆಯ ಪಾಂಡ್ಯರೆಂದು ತಪ್ಪು ತಿಳಿಯಬಾರದು, ಇವರು ಉಚ್ಚಂಗಿಯ ಪಾಂಡ್ಯರು. ಹೊಯ್ಸಳ ಇಮ್ಮಡಿ ಬಲ್ಲಾಳ ಆ ಕೋಟೆಯನ್ನು ಹಿಡಿದ ಮೇಲೆ ತನ್ನನ್ನು ‘ಗಿರಿದುರ್ಗಮಲ್ಲ’ ಎಂದು ಕರೆದುಕೊಂಡ. ಕೋಟೆ ಕೈವಶವಾದದ್ದು ಶನಿವಾರ ಎಂಬ ಕಾರಣಕ್ಕೆ ‘ಶನಿವಾರಸಿದ್ಧಿ’ ಎಂಬ ಇನ್ನೊಂದು ಬಿರುದನ್ನೂ ಸೇರಿಸಿಕೊಂಡ. ಗೆದ್ದ ವಾರವನ್ನೇ ಬಿರುದಾಗಿಸಿಕೊಂಡ ಈ ಸಡಗರ ನೋಡಿದರೆ ಬೆಟ್ಟ ಎಷ್ಟು ಕಾಡಿರಬೇಕೆಂದು ತಿಳಿಯುತ್ತದೆ. ಈಗ ಅಲ್ಲಿಗೆ ಹತ್ತುವವರಿಗೆ ಬಲ್ಲಾಳನ ನೆನಪಿಲ್ಲ. ಅವರು ಹೋಗುವುದು ಬೆಟ್ಟದ ದೇವಿ ಉಚ್ಚೆಂಗೆಮ್ಮನಿಗೆ.

1565ರಲ್ಲಿ ವಿಜಯನಗರ ಬಿದ್ದ ಮೇಲೆ ಸಣ್ಣ ಸಣ್ಣ ಪಾಳೆಯಪಟ್ಟುಗಳು ತಲೆ ಎತ್ತಿದವು. ಹರಪನಹಳ್ಳಿಯಲ್ಲಿ ದಾದಯ್ಯ ನಾಯಕನ ಮನೆತನ, ಕೂಡ್ಲಿಗಿ ಸೀಮೆಯಲ್ಲಿ ಗುಡೇಕೋಟೆ ಮತ್ತು ಜರಿಮಲೆಯವರು. ಇವರಲ್ಲಿ ಹೆಚ್ಚು ಹೆಸರಾದವನು ಹರಪನಹಳ್ಳಿಯ ಸೋಮಶೇಖರ ನಾಯಕ. 1748ರ ಮಾಯಕೊಂಡದ ಕಾಳಗದಲ್ಲಿ ಚಂದಾಸಾಹೇಬನ ನೆರವಿದ್ದರೂ ಚಿತ್ರದುರ್ಗದ ಹಿರೇಮದಕರಿ ನಾಯಕ ಮಡಿದ. ಆನೆಯ ಮೇಲಿದ್ದ ಅವನನ್ನು ಸುತ್ತುವರಿದದ್ದು ಸೋಮಶೇಖರ ನಾಯಕನ ದಂಡು ಎಂದು ಚರಿತ್ರೆ ಬರೆದವರು ಹೇಳುತ್ತಾರೆ. ಹಾಗೆ ನೋಡಿದರೆ ಚಿತ್ರದುರ್ಗದ ಕಥೆಯಲ್ಲಿ ಹರಪನಹಳ್ಳಿಯವರು ಎದುರಾಳಿಗಳು. ಆದರೆ ಅದೇ ದುರ್ಗದ ಅತಿ ದೊಡ್ಡ ಹೆಸರು, ಒನಕೆ ಓಬವ್ವ, ಗುಡೇಕೋಟೆಯ ಮನೆಮಗಳು ಎಂಬುದು ಕೂಡ್ಲಿಗಿಯವರ ಮಾತು. ಹೈದರನ ಸೈನಿಕರು ಕಿಂಡಿಯಿಂದ ನುಸುಳಿ ಬಂದಾಗ ಒನಕೆ ಎತ್ತಿದವಳನ್ನು ದುರ್ಗದವರು ಸೊಸೆಯೆಂದು ಹೇಳಿದರೆ ಗುಡೇಕೋಟೆಯವರು ತವರಿನ ಹಕ್ಕು ಬಿಡುವುದಿಲ್ಲ. ಕರ್ನಾಟಕ ಸರ್ಕಾರ 2021ರಿಂದ ನವೆಂಬರ್ 11ರಂದು ಓಬವ್ವನ ಜಯಂತಿ ಮಾಡುತ್ತಿದೆ. ಗುಡೇಕೋಟೆಯ ಬಂಡೆಗುಡ್ಡಗಳು ಈಗ ಕರಡಿಧಾಮ.

ಟಿಪ್ಪುವಿನ ನಂತರ, 1800ರಲ್ಲಿ ನಿಜಾಮ ಬಿಟ್ಟುಕೊಟ್ಟ ಸೀಮೆಯಾಗಿ ಈ ಭಾಗ ಕಂಪನಿಯ ಕೈಗೆ ಬಂದಾಗ ಕಲೆಕ್ಟರಾಗಿ ಬಂದವನು ಥಾಮಸ್ ಮನ್ರೋ. ಪಾಳೆಯಗಾರರ ಕಾಲ ಮುಗಿಯಿತು. ಅಲ್ಲಿಂದ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಇದು ಮದರಾಸಿನ ಒಂದು ಮೂಲೆ. ಸ್ವಾತಂತ್ರ್ಯ ಹೋರಾಟದ ಗುರುತಾಗಿ ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮ ಇರಿಸಿದ ಹುತಾತ್ಮರ ಸ್ಮಾರಕವಿದೆ. ಇಂಥದ್ದು ಎಷ್ಟೋ ದೊಡ್ಡ ಊರುಗಳಲ್ಲೂ ಇಲ್ಲ.

ಹಾಜರಿ ಪುಸ್ತಕ ತುಂಬಿದವರು ಶರಣರು. ಕೊಟ್ಟೂರಿನ ಗುರು ಬಸವಲಿಂಗಸ್ವಾಮಿ ಅಥವಾ ಕೊಟ್ಟೂರೇಶ್ವರ, ಹರಪನಹಳ್ಳಿಯ ಕೆಂಪಯ್ಯ, ಕೂಲಹಳ್ಳಿಯ ಮದ್ದಾನಸ್ವಾಮಿ, ಅರಸೀಕೆರೆಯ ಕೋಲಶಾಂತಯ್ಯ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ, ಇವರನ್ನು ಜನ ಪಂಚಗಣಾಧೀಶರೆಂದು ಎಣಿಸುತ್ತಾರೆ. ಅರಸೀಕೆರೆ ಎಂದರೆ ಹಾಸನದ್ದಲ್ಲ, ಹರಪನಹಳ್ಳಿ ತಾಲ್ಲೂಕಿನದು. ಐವರಲ್ಲಿ ನಾಲ್ವರು ಈ ಸೀಮೆಯವರೇ, ತಿಪ್ಪೇರುದ್ರಸ್ವಾಮಿ ಒಬ್ಬರು ಚಿತ್ರದುರ್ಗದ ಕಡೆಗೆ ಹೋಗಿ ನೆಲೆಸಿದರು. ಕೊಟ್ಟೂರೇಶ್ವರನ ಕಾಲವನ್ನು 16ನೇ ಶತಮಾನವೆಂದು ಹೇಳುವುದು ರೂಢಿ. ಅಕ್ಬರ್ ಬಾದಶಹನ ದರ್ಬಾರಿನವರೆಗೂ ಅವರ ಮಹಿಮೆಯ ಕಥೆ ಹಬ್ಬಿದೆ. ಕಥೆಯನ್ನು ಕಥೆಯಾಗಿಯೇ ಇಟ್ಟುಕೊಂಡರೆ ಸಾಕು. ಮಠದ ನಿಜವಾದ ಮಹಿಮೆ ಅದಕ್ಕಿಂತ ಸಾದಾ. ಕೊಟ್ಟೂರಿನಲ್ಲಿ ಹಿರೇಮಠ, ಗಚ್ಚಿನಮಠಗಳ ಜೊತೆ ಒಂದು ತೊಟ್ಟಿಲುಮಠವಿದೆ. ಮಕ್ಕಳಾಗದವರು ಅಲ್ಲಿ ಹರಕೆ ಹೊರುತ್ತಾರೆ. ಕೂಸು ಹುಟ್ಟಿದರೆ ಹೆಸರಿಗಾಗಿ ಹುಡುಕುವ ಮಾತೇ ಇಲ್ಲ: ಗಂಡಾದರೆ ಕೊಟ್ರೇಶ, ಹೆಣ್ಣಾದರೆ ಕೊಟ್ರಮ್ಮ.

ಮಾಘ ಬಹುಳದಲ್ಲಿ, ಮೂಲಾ ನಕ್ಷತ್ರ ನೋಡಿ ಕೊಟ್ಟೂರೇಶ್ವರನ ತೇರು ಎಳೆಯುತ್ತಾರೆ. ದಾವಣಗೆರೆ, ರಾಣೆಬೆನ್ನೂರು ಕಡೆಯಿಂದ ಜನ ನಡೆದೇ ಬರುತ್ತಾರೆ. ದಾರಿಯುದ್ದಕ್ಕೂ ಮಂಡಕ್ಕಿ, ಮಿರ್ಚಿ, ಮಜ್ಜಿಗೆ ಹಂಚುವವರು. ಉಪವಾಸವಿದ್ದ ದಲಿತ ಮಹಿಳೆಯರು ಆರತಿ ಬೆಳಗಿದ ಮೇಲಷ್ಟೇ ಸ್ವಾಮಿ ತೇರಿಗೆ ಹೊರಡುವುದು ಇಲ್ಲಿನ ಪದ್ಧತಿ. ಉಳಿದ ಮುನ್ನೂರ ಅರವತ್ತನಾಲ್ಕು ದಿನ ಊರು ಆ ಆರತಿಯನ್ನು ಎಷ್ಟು ನೆನಪಿಡುತ್ತದೆ ಎನ್ನುವುದು ಬೇರೆಯೇ ಪ್ರಶ್ನೆ. 2017ರ ಫೆಬ್ರವರಿಯಲ್ಲಿ ತೇರು ಸಾಗುತ್ತಿರುವಾಗಲೇ ವಾಲಿ ಉರುಳಿಬಿತ್ತು. ಮುಂದಿನ ವರ್ಷಕ್ಕೆ ಹೊಸ ತೇರು ನಿಂತಿತು.

ಕೊಟ್ಟೂರು ತಾಲ್ಲೂಕಿನ ಉಜ್ಜಿನಿ ವೀರಶೈವರ ಪಂಚಪೀಠಗಳಲ್ಲಿ ಒಂದು. ‘ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು’ ಎಂಬ ಗಾದೆ ಮರುಳಸಿದ್ಧೇಶ್ವರ ಗುಡಿಯ ಒಳಗಿನ ಕೆತ್ತನೆಯನ್ನು ಕುರಿತದ್ದು. ವರ್ಷಕ್ಕೊಮ್ಮೆ ಗುಡಿಯ ಶಿಖರಕ್ಕೆ ನೆತ್ತಿಯಿಂದ ಎಣ್ಣೆ ಎರೆಯುತ್ತಾರೆ. ಮೊದಲ ಎಣ್ಣೆ ಜರಿಮಲೆಯ ಪಾಳೆಯಗಾರರ ಮನೆತನದ್ದು. ಕೋಟೆ ಹೋದರೂ ಎಣ್ಣೆಯ ಹಕ್ಕು ಉಳಿದಿದೆ. ತರಳಬಾಳು ಪರಂಪರೆಯೂ ಮರುಳಸಿದ್ಧನನ್ನೇ ಮೂಲಪುರುಷನೆಂದು ಹೇಳುವುದರಿಂದ ಈ ಹೆಸರು ಸಿರಿಗೆರೆಯವರೆಗೂ ಓಡಾಡುತ್ತದೆ.

ಶರಣರ ಈ ಸೀಮೆಯಲ್ಲಿ ಹರಿದಾಸರ ಸಾಲಿಗೆ ಸೇರುವ ಹರಪನಹಳ್ಳಿ ಭೀಮವ್ವ 19ನೇ ಶತಮಾನದವರು. ಹುಟ್ಟಿದ ನಾರಾಯಣದೇವರಕೆರೆ ಮುಂದೆ ತುಂಗಭದ್ರಾ ಜಲಾಶಯದಲ್ಲಿ ಮುಳುಗಿತು, ಮದುವೆಯಾಗಿ ಬಂದ ಹರಪನಹಳ್ಳಿ ಅವರ ಹೆಸರಿನ ಮುಂದೆ ನಿಂತಿತು. ‘ಭೀಮೇಶಕೃಷ್ಣ’ ಅಂಕಿತದಲ್ಲಿ ಅವರು ಕಟ್ಟಿದ ಹಾಡುಗಳು ವಿದ್ವಾಂಸರ ಕೈ ಸೇರಿದ್ದು ತಡವಾಗಿ. ಅಷ್ಟರವರೆಗೆ ಅವನ್ನು ಕಾಯ್ದವರು ಆರತಿ ತಟ್ಟೆ ಹಿಡಿದ ಹೆಂಗಸರು. ಹಸೆಗೆ ಕರೆಯುವಾಗ, ತೊಟ್ಟಿಲು ತೂಗುವಾಗ, ಬೀಗರನ್ನು ಕೆಣಕುವಾಗ ಒಬ್ಬರ ಬಾಯಿಂದ ಇನ್ನೊಬ್ಬರಿಗೆ ದಾಟಿಸಿದರು. ಹರಿದಾಸ ಸಾಹಿತ್ಯದ ಮಾತು ಬಂದಾಗ ಗಂಡಸರ ಪಟ್ಟಿಯ ಕೊನೆಗೆ ಅವರ ಹೆಸರು ಸೇರಿಸಿ ಮುಗಿಸುವ ಅಭ್ಯಾಸವಿದೆ. ಮದುವೆಮನೆಯ ಲೆಕ್ಕದಲ್ಲಿ ಅವರು ಮೊದಲಿನವರು.

ಅದೇ ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ರಾಯಸಂ ಭೀಮಸೇನರಾವ್ ಕನ್ನಡಕ್ಕೆ ಬೀಚಿಯಾಗಿ ಸಿಕ್ಕರು. ರಾಯಸ ಎಂದರೆ ಅರಸರ ಓಲೆ ಬರೆಯುವ ಕೆಲಸ. ಮನೆತನದ ಹೆಸರಿನಲ್ಲೇ ಬರವಣಿಗೆ ಇತ್ತು. ಆದರೆ ಮದರಾಸು ಪ್ರಾಂತ್ಯದ ಇಂಗ್ಲಿಷ್ ಓದಿನಲ್ಲಿ ಬೆಳೆದ ಅವರಿಗೆ ಕನ್ನಡ ಪುಸ್ತಕವೆಂದರೆ ಅಸಡ್ಡೆ. ಅ.ನ.ಕೃ. ಅವರ ‘ಸಂಧ್ಯಾರಾಗ’ ಓದಿದ ಮೇಲೆ ಅದು ಮುರಿಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಪೊಲೀಸ್ ಇಲಾಖೆಯಲ್ಲಿ ಗುಮಾಸ್ತಿಕೆ ಮಾಡುತ್ತಲೇ ‘ದಾಸಕೂಟ’ ಬರೆದರು, ತಿಮ್ಮ ಎಂಬ ನಗೆಯ ಪಾತ್ರವನ್ನು ಹುಟ್ಟಿಸಿದರು, ‘ಸುಧಾ’ ವಾರಪತ್ರಿಕೆಯಲ್ಲಿ ಓದುಗರ ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಆತ್ಮಕಥೆಗೆ ಇಟ್ಟ ಹೆಸರು ‘ನನ್ನ ಭಯಾಗ್ರಫಿ’. 1980ರಲ್ಲಿ ತೀರಿಕೊಂಡರು. ಬೀಚಿ ಎಂದು ಯಾರೂ ಮಗುವಿಗೆ ಹೆಸರಿಡಲಿಲ್ಲ. ಆದರೆ ಮದುವೆ ಮನೆಯಲ್ಲೋ ಬಸ್ಸಿನಲ್ಲೋ ಯಾರಾದರೂ ‘ತಿಮ್ಮ ಒಂದಿನ ಏನ್ ಮಾಡಿದ ಗೊತ್ತಾ’ ಎಂದು ಶುರುಮಾಡಿದರೆ ಆ ಮಾತಿನ ಹಿಂದೆ ಹರಪನಹಳ್ಳಿಯ ಈ ಮನುಷ್ಯ ಇದ್ದೇ ಇರುತ್ತಾರೆ.

ಕೂಡ್ಲಿಗಿ ತಾಲ್ಲೂಕು ಕನ್ನಡಕ್ಕೆ ಕೊಟ್ಟ ಲೇಖಕರು ಕೋ. ಚೆನ್ನಬಸಪ್ಪ. ನ್ಯಾಯಾಧೀಶರು, ‘ಬೇಡಿ ಕಳಚಿತು ದೇಶ ಒಡೆಯಿತು’ ಬರೆದವರು, 2013ರ ವಿಜಯಪುರ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿಯ ಮುದೇನೂರು ಸಂಗಣ್ಣ ಜಾನಪದದ ಹಿಂದೆ ಬಿದ್ದು ಒಂದೇ ಊರಿನ ಆಡುಮಾತಿಗೆ ‘ಚಿಗಟೇರಿ ಪದಕೋಶ’ ಕಟ್ಟಿದರು. ಜಿಲ್ಲೆಗಳಿಗೂ ದಕ್ಕದ ಭಾಗ್ಯ ಒಂದು ಹಳ್ಳಿಗೆ ದಕ್ಕಿತು.

ಕೊಟ್ಟೂರಿನ ಕುಂ. ವೀರಭದ್ರಪ್ಪ ಈಗಿನವರಲ್ಲಿ ಅತಿ ಹೆಚ್ಚು ಓದಿಸಿಕೊಳ್ಳುವವರು. ‘ಕುಂ’ ಎಂದರೆ ಕುಂಬಾರ. ಅವರ ಜನ್ಮದಿನ 1953ರ ಅಕ್ಟೋಬರ್ 1, ಬಳ್ಳಾರಿ ಮೈಸೂರಿಗೆ ಸೇರಿದ ದಿನವೇ. ಕನ್ನಡನಾಡಿಗೆ ಸೇರಿದ ದಿನ ಹುಟ್ಟಿದವರು ಮೇಷ್ಟ್ರಾಗಿ ದುಡಿದದ್ದು ಮಾತ್ರ ಆಂಧ್ರದ ಹಳ್ಳಿಗಳಲ್ಲಿ. ಅವರ ಗದ್ಯದಲ್ಲಿ ಕೊಟ್ಟೂರಿನ ಸಂತೆಯೂ ರಾಯಲಸೀಮೆಯ ಬಿಸಿಲೂ ಒಟ್ಟಿಗೇ ಕುದಿಯುವುದು ಅದಕ್ಕೇ. ‘ಅರಮನೆ’ ಕಾದಂಬರಿಗೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, 2015ರಲ್ಲಿ ಅದನ್ನು ಹಿಂದಿರುಗಿಸಿದರು. ಸಿನಿಮಾ ಅವರನ್ನು ಬಿಡಲಿಲ್ಲ: ‘ಬೇಲಿ ಮತ್ತು ಹೊಲ’ ಕಾದಂಬರಿ ಶಿವರಾಜಕುಮಾರ್ ಅಭಿನಯದ ‘ಮನ ಮೆಚ್ಚಿದ ಹುಡುಗಿ’ ಆಯಿತು. ಅವರ ಕಥೆಯನ್ನೇ ಎತ್ತಿಕೊಂಡು ನಾಗತಿಹಳ್ಳಿ ಚಂದ್ರಶೇಖರ್ ‘ಕೊಟ್ರೇಶಿ ಕನಸು’ ಮಾಡಿದರು. ದಲಿತ ಹುಡುಗನೊಬ್ಬನ ಓದಿನ ಆಸೆಯ ಆ ಚಿತ್ರದಲ್ಲಿ ನಟಿಸಿದ ವಿಜಯ್ ರಾಘವೇಂದ್ರ ಬಾಲನಟನಾಗಿ ರಾಷ್ಟ್ರಪ್ರಶಸ್ತಿ ಪಡೆದರು. ಬೆಂಗಳೂರಿನ ಪ್ರೇಕ್ಷಕರಿಗೆ ಹೊಸದಾಗಿ ಕೇಳಿಸಿದ ಆ ಹೆಸರು ಕೊಟ್ಟೂರಿನವರಿಗೆ ಪಕ್ಕದ ಬೆಂಚಿನ ಹುಡುಗನದು.

ಹಡಗಲಿ ಎಂದರೆ ಮಲ್ಲಿಗೆ. ತುಂಗಭದ್ರೆಯಲ್ಲಿ ಹಡಗಿಗೆ ಹೂ ತುಂಬಿ ಹಂಪಿಗೆ ಕಳಿಸುತ್ತಿದ್ದುದರಿಂದ ಹೂವಿನಹಡಗಲಿ ಆಯಿತೆಂದು ಊರವರು ಹೇಳುತ್ತಾರೆ. ಅಲ್ಲಿನ ಮಲ್ಲಿಗೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ಈ ಊರಿನ ರಾಜಕಾರಣಿ ಎಂ.ಪಿ. ಪ್ರಕಾಶ್ (1940–2011) ವಕೀಲಿಕೆಯಿಂದ ಶಾಸನಸಭೆಗೆ ಹೋಗಿ ಉಪಮುಖ್ಯಮಂತ್ರಿಯವರೆಗೆ ಏರಿದರು. ಆದರೆ ಹಡಗಲಿಯಲ್ಲಿ ಅವರ ನೆನಪು ‘ರಂಗಭಾರತಿ’ಯದು. ತಾವೇ ಬಣ್ಣ ಹಚ್ಚುತ್ತಿದ್ದರು, ನಾಟಕ ಆಡಿಸುತ್ತಿದ್ದರು. ಹಂಪಿ ಉತ್ಸವಕ್ಕೆ ಅಡಿಪಾಯ ಹಾಕಿದವರೂ ಅವರೇ. ಮಂತ್ರಿಯಾಗಿದ್ದುಕೊಂಡು ಪುಸ್ತಕದ ಬಗ್ಗೆ ಮಾತನಾಡಬಲ್ಲವರು ಕರ್ನಾಟಕದಲ್ಲಿ ಬೆರಳೆಣಿಕೆ, ಅವರಲ್ಲಿ ಇವರೊಬ್ಬರು.

ಆಟೋಟದ ವಿಚಾರಕ್ಕೆ ಬಂದರೆ ಇಲ್ಲಿನ ಪೈಲ್ವಾನರು ಗರಡಿಮನೆಯ ಮಣ್ಣು ಬಿಟ್ಟು ಹೆಚ್ಚು ದೂರ ಹೋದವರಲ್ಲ. ಮೈಕಟ್ಟು, ಗಟ್ಟಿತನ ನೋಡಬೇಕೆಂದರೆ ಹಡಗಲಿ ತಾಲ್ಲೂಕಿನ ಮೈಲಾರದ ಕಂಚಾವೀರರನ್ನು ನೋಡಬೇಕು. ಜಾತ್ರೆಯಲ್ಲಿ ಅವರು ಕಬ್ಬಿಣದ ಸರಪಳಿ ಹರಿಯುತ್ತಾರೆ, ಕಾಲಿಗೆ ಗೂಟ ಹಾಯಿಸಿಕೊಳ್ಳುತ್ತಾರೆ. ಅದನ್ನು ಪವಾಡ ಎನ್ನುತ್ತಾರೆ, ಆಟ ಎನ್ನುವುದಿಲ್ಲ.

ಅದೇ ಮೈಲಾರದಲ್ಲಿ, ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ಈ ಸೀಮೆಯಲ್ಲೇ ಅತಿ ಹೆಚ್ಚು ಜನ ಕಿವಿಗೊಡುವ ಮನುಷ್ಯ ಕಾಣಿಸಿಕೊಳ್ಳುತ್ತಾನೆ. ದಿನಗಟ್ಟಲೆ ಉಪವಾಸ ಮಾಡಿದ ಮೈಲಾರಲಿಂಗನ ಭಕ್ತ, ಗೊರವಯ್ಯ. ಡೆಂಕನಮರಡಿಯಲ್ಲಿ ನೆಟ್ಟಗೆ ನಿಲ್ಲಿಸಿದ ಬಿಲ್ಲನ್ನು ಸರಸರನೆ ಏರುತ್ತಾನೆ. ತುದಿ ಮುಟ್ಟಿ ಆಕಾಶ ನೋಡಿ ‘ಸದ್ದಲೇ’ ಎಂದು ಕೂಗಿದೊಡನೆ ಲಕ್ಷಗಟ್ಟಲೆ ಜನ, ಡಮರುಗ, ಪೀಪಿ, ಅಳುವ ಮಕ್ಕಳು ಎಲ್ಲ ಗಪ್‌ಚಿಪ್. ಆಮೇಲೆ ಒಂದೇ ವಾಕ್ಯದ ಭವಿಷ್ಯವಾಣಿ. ಹೇಳಿ ಮುಗಿಸಿ ಅಲ್ಲಿಂದಲೇ ಕೆಳಗೆ ಧುಮುಕುತ್ತಾನೆ, ಕೆಳಗಿದ್ದವರು ಕಂಬಳಿ ಹಿಡಿದು ಆತುಕೊಳ್ಳುತ್ತಾರೆ. ಆ ವಾಕ್ಯಕ್ಕೆ ಮಳೆಬೆಳೆ ಎಂದು ಅರ್ಥವೋ, ಬೆಂಗಳೂರಿನ ಕುರ್ಚಿ ಎಂದು ಅರ್ಥವೋ ಎಂಬ ಚರ್ಚೆ ವಾಪಸು ಹೊರಟ ಟ್ರಾಕ್ಟರುಗಳಲ್ಲಿ ಊರು ಮುಟ್ಟುವವರೆಗೂ ನಡೆಯುತ್ತದೆ. ಗೊರವಯ್ಯನ ಹೆಸರೇನೆಂದು ಆ ಟ್ರಾಕ್ಟರಿನಲ್ಲಿ ಕೂತವರನ್ನು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ.