ಪಾನನಿರೋಧದ ನಾಡಿನಲ್ಲಿ ಕುಡಿತ ಬಿಡುವವರ ಸಂಘ: ಅಡಾಜಣ್ ಮತ್ತು ಬೆಳ್ತಂಗಡಿ

ಅಡಾಜಣ್ ಸೂರತ್‌ನ ಬಡಾವಣೆ, ತಾಪಿ ನದಿಯ ಆಚೆ ದಡದ್ದು. ಅಲ್ಲಿರುವ ಒಬ್ಬಾತನಿಗೆ ಕುಡಿತ ಬಿಡಬೇಕೆನಿಸಿತು, ಜೊತೆಗೆ ಯಾರಾದರೂ ಬೇಕೆನಿಸಿತು ಎಂದಿಟ್ಟುಕೊಳ್ಳೋಣ. ಆತ ಯಾರ ಬಳಿ ವಿಚಾರಿಸಬೇಕು? ಬೆಂಗಳೂರಿನಲ್ಲಾದರೆ ಬಾಯಿ ಕಟ್ಟುವುದು ನಾಚಿಕೆಯೊಂದೇ. ಗುಜರಾತಿನಲ್ಲಿ ಅದರ ಜೊತೆ ಕಾನೂನೂ ಇದೆ. ಪರವಾನಗಿ ಇಲ್ಲದವನು ‘ನಾನು ಕುಡಿಯುತ್ತೇನೆ’ ಎಂದರೆ ರೋಗವನ್ನಷ್ಟೇ ಅಲ್ಲ, ಅಪರಾಧವನ್ನೂ ಒಪ್ಪಿಕೊಂಡಂತೆ. ಸ್ವಸಹಾಯ ಸಂಘದ ಸ್ವರೂಪವನ್ನೇ ಈ ಸಂಗತಿ ನಿರ್ಧರಿಸುತ್ತದೆ ಎಂಬುದು ನನ್ನ ವಾದ.

ಕಾನೂನಿನ ಕಥೆ ಮುಂಬಯಿ ಪ್ರಾಂತದ್ದು. 1949ರ ಮುಂಬಯಿ ಪಾನನಿರೋಧ ಕಾಯ್ದೆಯನ್ನು 1960ರಲ್ಲಿ ಪ್ರತ್ಯೇಕವಾದ ಗುಜರಾತ್ ಹಾಗೆಯೇ ಉಳಿಸಿಕೊಂಡಿತು. 2011ರಲ್ಲಿ ಅದರ ಹೆಸರು ಬದಲಾಯಿತು. ಮಾರುವವನ ಜೊತೆಗೆ ಕುಡಿದವನನ್ನೂ ಈ ಕಾಯ್ದೆ ಶಿಕ್ಷಿಸುತ್ತದೆ. ರಕ್ತದಲ್ಲಿ ಮದ್ಯಸಾರ ಶೇ. 0.05 ದಾಟಿದರೆ, ತಾನು ತಪ್ಪು ಮಾಡಿಲ್ಲವೆಂದು ತೋರಿಸುವ ಹೊಣೆ ಆರೋಪಿಯದು. ಹಾಗೆಂದು ಕುಡಿತ ನಿಂತಿದೆಯೇ? 2009ರಲ್ಲಿ ಅಹಮದಾಬಾದಿನಲ್ಲಿ ‘ಲಠ್ಠಾ’ ಎಂಬ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. 2022ರಲ್ಲಿ ಬೋಟಾದ್ ಸುತ್ತಲಿನ ಹಳ್ಳಿಗಳಲ್ಲಿ ನಲವತ್ತಕ್ಕೂ ಹೆಚ್ಚು. ಸೂರತ್‌ನಿಂದ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೋದರೆ ಕೆಲವೇ ತಾಸಿನಲ್ಲಿ ದಮನ್ ಸಿಗುತ್ತದೆ, ಅಲ್ಲಿ ಅಂಗಡಿ ತೆರೆದೇ ಇರುತ್ತದೆ. ‘ದಾರೂಬಂಧಿ’ ಇರುವಲ್ಲಿ ಕುಡುಕರಿಲ್ಲ ಎನ್ನುವುದು ಕಾಗದದ ಮಾತು.

ಇನ್ನೊಂದೆಡೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯದ ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿದೆ, ರೋಗಿಯ ಗೋಪ್ಯತೆಯನ್ನು ಹಕ್ಕೆಂದಿದೆ. ಒಬ್ಬನೇ ಮನುಷ್ಯ ಒಂದು ಕಾಯ್ದೆಗೆ ರೋಗಿ, ಇನ್ನೊಂದಕ್ಕೆ ಅಪರಾಧಿ.

ಇಂಥ ಕಡೆ ಆಲ್ಕೊಹಾಲಿಕ್ಸ್ ಅನಾನಿಮಸ್ (ಅನಾಮಿಕ ಮದ್ಯವ್ಯಸನಿಗಳು) ಎಂಬ ಹೆಸರಿನ ಎರಡನೆಯ ಪದಕ್ಕೆ ತೂಕ ಹೆಚ್ಚು. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಒಬ್ಬ ಷೇರು ವ್ಯವಹಾರದವನೂ ಒಬ್ಬ ವೈದ್ಯನೂ ಕೂತು ಮಾತಾಡಿದ್ದರಿಂದ ಹುಟ್ಟಿದ ಈ ಬಳಗ 1957ರ ಹೊತ್ತಿಗೆ ಮುಂಬಯಿಗೆ ಬಂದಿತ್ತು. ಶುಲ್ಕವಿಲ್ಲ, ಹಾಜರಿ ಪುಸ್ತಕವಿಲ್ಲ. ಕುಡಿತ ಬಿಡುವ ಇಚ್ಛೆಯೊಂದೇ ಸದಸ್ಯತ್ವ. ಹೊಸಬರು ಸಾಮಾನ್ಯವಾಗಿ ಬಾಗಿಲ ಹತ್ತಿರದ ಕುರ್ಚಿ ಹಿಡಿಯುತ್ತಾರೆ. ಬೇಕೆಂದಾಗ ಎದ್ದು ಹೋಗಬಹುದಲ್ಲ! ಯಾರೋ ಚಹಾ ಕೊಡುತ್ತಾರೆ. ಇನ್ಯಾರೋ ತಮ್ಮ ಹೆಸರು ಹೇಳಿ, ತಾನೊಬ್ಬ ಮದ್ಯವ್ಯಸನಿ ಎನ್ನುತ್ತಾರೆ, ಇವತ್ತೊಂದು ದಿನ ಮಾತ್ರ ಕುಡಿಯುವುದಿಲ್ಲ ಎಂಬ ಲೆಕ್ಕ ಒಪ್ಪಿಸುತ್ತಾರೆ. ಅಮೆರಿಕದಲ್ಲಿ ಈ ಅನಾಮಿಕತೆ ಮಾನ ಕಾಯಲು ಮತ್ತು ಅಹಂಕಾರ ಇಳಿಸಲು. ಗುಜರಾತಿನಲ್ಲಿ ಅದು ಠಾಣೆಯ ಭಯದಿಂದಲೂ ಕಾಯುತ್ತದೆ. ಈ ಬಳಗದ ಪರಿಣಾಮದ ಬಗ್ಗೆ ಅನುಮಾನಿಸುವವರು 2020ರ ಕಾಕ್ರೇನ್ ಸಮೀಕ್ಷೆಯನ್ನು ನೋಡಬಹುದು. 27 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ಅದು, ಕ್ರಮಬದ್ಧವಾಗಿ ಈ ಬಳಗಕ್ಕೆ ಸೇರಿಸುವ ಚಿಕಿತ್ಸೆಯು ಪೂರ್ತಿ ಮದ್ಯ ಬಿಟ್ಟಿರುವ ವಿಷಯದಲ್ಲಿ ಇತರ ಚಿಕಿತ್ಸೆಗಳಿಗಿಂತ ಮೇಲೆಂದು ಕಂಡುಕೊಂಡಿತು.

ನಮ್ಮ ಬೆಳ್ತಂಗಡಿಯ ದಾರಿ ಇದಕ್ಕೆ ಪೂರಾ ಉಲ್ಟಾ. 1982ರಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯೂ ಜನಜಾಗೃತಿ ವೇದಿಕೆಯೂ ನಡೆಸುವ ಮದ್ಯವರ್ಜನ ಶಿಬಿರ ಊರ ನಡುವಿನ ಸಭಾಭವನದಲ್ಲೇ ನಡೆಯುತ್ತದೆ. ಎಂಟು ದಿನ ಶಿಬಿರಾರ್ಥಿಗಳ ವಾಸ ಅಲ್ಲೇ. ಊರವರದೇ ಸಮಿತಿ, ಊರವರದೇ ಅಡುಗೆ. ವ್ಯಾಯಾಮ, ಭಜನೆ, ಆಪ್ತಸಲಹೆಗಳ ಜೊತೆಗೆ ಮನೆಯವರನ್ನು ಎದುರು ಕೂರಿಸಿ ಮಾತಾಡಿಸುವ ದಿನವೂ ಉಂಟು. ಮುಗಿದ ಮೇಲೆ ‘ನವಜೀವನ ಸಮಿತಿ’ಯ ಸಭೆಗಳು. ಇಲ್ಲಿ ಅನಾಮಿಕತೆಯ ಪ್ರಶ್ನೆಯೇ ಏಳುವುದಿಲ್ಲ. ಯಾರು ಕುಡಿಯುತ್ತಿದ್ದರೆಂದು ಊರಿಗೆಲ್ಲ ಮೊದಲೇ ಗೊತ್ತು. ಯಾರು ಬಿಟ್ಟರೆಂದೂ ಗೊತ್ತಾಗಲಿ ಎನ್ನುವುದೇ ಉಪಾಯ. ಮಾನ ಕಳೆದ ಊರೇ ಮಾನ ಹಿಂದಿರುಗಿಸುತ್ತದೆ. ಕೆಲವರಿಗೆ ಈ ಕಣ್ಗಾವಲು ಉಸಿರುಗಟ್ಟಿಸುತ್ತದೆ ಎಂಬುದನ್ನು ಅಲ್ಲಗಳೆಯಲಾರೆ. ಮತ್ತೆ ಜಾರಿದವನ ನಾಚಿಕೆಯೂ ಇಮ್ಮಡಿ. ಆದರೂ ಹಳ್ಳಿಗೆ ಒಗ್ಗಿದ ಮಾದರಿಯಿದು. ಗುಜರಾತಿನಲ್ಲಿ ಇದನ್ನು ಹೀಗೆಯೇ ನಡೆಸುವುದು ಕಷ್ಟ, ಶಿಬಿರಾರ್ಥಿಗಳ ಪಟ್ಟಿಯೇ ಆರೋಪಿಗಳ ಪಟ್ಟಿಯಂತೆ ಕಂಡೀತು.

ಎರಡೂ ಕಡೆಗೆ ಸಲ್ಲುವ ಒಂದು ಎಚ್ಚರವಿದೆ. ದಿನವೂ ಹೆಚ್ಚು ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಅಪಸ್ಮಾರ, ಆಮೇಲೆ ಸನ್ನಿ ಬರಬಹುದು, ಪ್ರಾಣವೂ ಹೋಗಬಹುದು. ಆದ್ದರಿಂದ ಇಂಥವನಿಗೆ ಮೊದಲು ಆಸ್ಪತ್ರೆ, ಆಮೇಲೆ ಸಂಘ. ಅಡಾಜಣ್‌ನವರು ಸೇತುವೆ ದಾಟಿದರೆ ಮಜೂರಾ ಗೇಟಿನ ನ್ಯೂ ಸಿವಿಲ್ ಆಸ್ಪತ್ರೆ ಇದೆ. ವಡೋದರಾದವರಿಗೆ ಸಯಾಜಿರಾವ್ ಆಸ್ಪತ್ರೆ, ಅಹಮದಾಬಾದಿನವರಿಗೆ ಅಸಾರ್ವಾದ ಸಿವಿಲ್. ಮನೋವೈದ್ಯ ವಿಭಾಗದಲ್ಲಿ ಕೇಳಿದರೆ ಹತ್ತಿರದ ಸಂಘದ ಸುಳಿವು ಸಿಗುವ ಸಂಭವ ಹೆಚ್ಚು. 14446 ರಾಷ್ಟ್ರೀಯ ಸಹಾಯವಾಣಿಯೂ ಉಂಟು. ದೇಶದಲ್ಲಿ ಮದ್ಯಕ್ಕೆ ಅಂಟಿಕೊಂಡ 38 ಮಂದಿಯಲ್ಲಿ ಒಬ್ಬರಿಗಷ್ಟೇ ಏನಾದರೊಂದು ಚಿಕಿತ್ಸೆ ದಕ್ಕಿದೆ ಎಂದು 2019ರ ಕೇಂದ್ರ ಸರ್ಕಾರದ ಸಮೀಕ್ಷೆ ಹೇಳುತ್ತದೆ. ಉಳಿದ 37 ಮಂದಿಗೆ ಆಸ್ಪತ್ರೆಯ ಬಾಗಿಲೂ ಸಂಘದ ಬಾಗಿಲೂ ದೂರ.

ಗುಜರಾತಿನಲ್ಲಿರುವ ಕನ್ನಡಿಗರಿಗೆ ಇನ್ನೂ ಒಂದು ತೊಡಕು. ವ್ಯವಹಾರಕ್ಕೆ ಹಿಂದಿ, ಗುಜರಾತಿ ಸಾಕು. ಹೆಂಡತಿಯ ತಾಳಿ ಅಡವಿಟ್ಟ ರಾತ್ರಿಯ ಕಥೆ ಹೇಳಲು ತಾಯ್ನುಡಿಯೇ ಬೇಕು. ಆದ್ದರಿಂದ ಗುಜರಾತಿನ ನಗರಗಳಲ್ಲಿರುವ ಕನ್ನಡ ಬಳಗಗಳಲ್ಲಿ ಒಂದು ವಿನಂತಿ: ರಾಜ್ಯೋತ್ಸವಕ್ಕೆ ಬಾಡಿಗೆ ಹಿಡಿಯುವ ಸಭಾಂಗಣದ ಒಂದು ಕೋಣೆಯನ್ನು ವಾರಕ್ಕೊಂದು ಸಂಜೆ ಕುಡಿತ ಬಿಡಬಯಸುವವರಿಗೆ ಬಿಟ್ಟುಕೊಡಿ. ಬಾಗಿಲಲ್ಲಿ ರುಜು ಪುಸ್ತಕ ಮಾತ್ರ ಇಡಬೇಡಿ.