ಪಟ್ಟಿಯಲ್ಲಿ ಸಿಕ್ಕ ಹಂದಿಗೋಡು

ಅಮೆರಿಕದ ಡಾಕ್ಟರ್ ವಿಕ್ಟರ್ ಮೆಕ್ಯೂಸಿಕ್ 1966ರಲ್ಲಿ ಒಂದು ಪುಸ್ತಕ ತಂದರು. ವಂಶದಲ್ಲಿ ಇಳಿದು ಬರೋ ಕಾಯಿಲೆ, ಲಕ್ಷಣಗಳ ಪಟ್ಟಿ ಅದು. ಸುಮಾರು 1,500 ನಮೂದು. 1998ಕ್ಕೆ 3 ಸಂಪುಟ ಆಯ್ತು. ಈಗ ಓಮಿಮ್ ಅನ್ನೋ ಹೆಸರಲ್ಲಿ ಆನ್‌ಲೈನ್‌ನಲ್ಲಿದೆ, ಗೊತ್ತಿರೋ ಜೀನ್ ಮ್ಯುಟೇಶನ್‌ಗಳ ಸಮೇತ.

ಮೊನ್ನೆ ಅದರಲ್ಲಿ ಹುಡುಕಿದೆ. ನಮ್ಮ ಸಾಗರ ತಾಲ್ಲೂಕಿನ ಹಂದಿಗೋಡು ಸಿಕ್ತು! 1970ರ ದಶಕದಲ್ಲಿ ಅಲ್ಲಿನ ದಲಿತ ಕುಟುಂಬಗಳಲ್ಲಿ ಎಷ್ಟೋ ಜನಕ್ಕೆ ಸೊಂಟ, ಮಂಡಿ ನೋವು ಬಂದು ನಡೆಯೋದೇ ಕಷ್ಟವಾಯ್ತು. ಕೀಟನಾಶಕ ಹೊಡೆದ ಗದ್ದೆಯ ಏಡಿ ತಿಂದಿದ್ದಕ್ಕೆ ಹೀಗಾಯ್ತು ಅನ್ನೋ ಅನುಮಾನವೂ ಇತ್ತು. ಕುಟುಂಬಗಳ ವಂಶವೃಕ್ಷ ಬರೆದು ನೋಡಿದಾಗ, ಇದು ತಲೆಮಾರಿನಿಂದ ತಲೆಮಾರಿಗೆ ಬಂದದ್ದು ಅಂತ ಗೊತ್ತಾಯ್ತು.

ಪಟ್ಟಿಗೆ ಸೇರಿದ ಮಾತ್ರಕ್ಕೆ ನೋವು ಹೋಗಲ್ಲ. ಬಡವರ ಊಟದ ಮೇಲಿದ್ದ ಆರೋಪವಾದರೂ ಹೋಯ್ತು. ಊರಿನ ಹೆಸರು ಮಾತ್ರ ಕಾಯಿಲೆಗೆ ಅಂಟಿಕೊಂಡೇ ಉಳೀತು.