ಗೇರುಸಿಪ್ಪೆಯ ಎಣ್ಣೆ ಮತ್ತು ಲೋಹದ ಸವೆತ: ಕೀಲೆಣ್ಣೆಯ ಸಸ್ಯಜನ್ಯ ಸೇರ್ಪಡೆ ದ್ರವ್ಯಗಳನ್ನು ಕುರಿತ ಒಂದು ವಿಚಾರ

ಪರಿಸರಕ್ಕೆ ಕೇಡು ತಾರದ ಕೀಲೆಣ್ಣೆಯ ಪ್ರಸ್ತಾಪ ಬಂದಾಗಲೆಲ್ಲ ಖನಿಜ ತೈಲವನ್ನು ತೊಲಗಿಸಿ ಅದರ ಸ್ಥಾನದಲ್ಲಿ ಹರಳೆಣ್ಣೆಯನ್ನೋ ಹೊಂಗೆಯೆಣ್ಣೆಯನ್ನೋ ಪ್ರತಿಷ್ಠಾಪಿಸುವ ಮಾತೇ ಮುಂದಾಗಿ ಕೇಳಿಬರುತ್ತದೆ. ಆದರೆ ಒತ್ತಡ ಮಿಗಿಲಾಗಿ ಎಣ್ಣೆಯ ಪದರ ಹರಿದು ಲೋಹವು ಲೋಹಕ್ಕೆ ತಾಗುವ ಸಂಧಿಕಾಲದಲ್ಲಿ, ಪೀಪಾಯಿಯನ್ನು ತುಂಬಿದ ತೈಲಕ್ಕಿಂತ ಅದರೊಳಗೆ ಅತ್ಯಲ್ಪ ಪ್ರಮಾಣದಲ್ಲಿ ಬೆರೆತಿರುವ ಸೇರ್ಪಡೆ ದ್ರವ್ಯದ ಗುಣವೇ ಸವೆತವನ್ನು ನಿರ್ಣಯಿಸುವುದಾದ ಕಾರಣ, ಸಸ್ಯಮೂಲದ ಅನ್ವೇಷಣೆಯನ್ನು ಅಲ್ಲಿಂದ ಆರಂಭಿಸುವುದೇ ಯುಕ್ತವೆಂದು ನನ್ನ ಅಭಿಪ್ರಾಯ.

ಈ ತತ್ತ್ವ ಹೊಸದಲ್ಲ. ಖನಿಜ ತೈಲಕ್ಕೆ ತುಸು ಮೇದಾಮ್ಲ ಬೆರೆಸಿದರೆ ಘರ್ಷಣೆ ಗಮನಾರ್ಹವಾಗಿ ಇಳಿಯುವುದೆಂಬುದನ್ನು ಮೊದಲನೆಯ ಮಹಾಯುದ್ಧದ ಕೊನೆಯ ಹೊತ್ತಿಗೆ ಇಂಗ್ಲೆಂಡಿನಲ್ಲಿ ಸೌತ್‌ಕೂಂಬ್ ಮತ್ತು ವೆಲ್ಸ್ ಎಂಬವರು ತೋರಿಸಿಕೊಟ್ಟಿದ್ದರು. 1922ರಲ್ಲಿ ಹಾರ್ಡಿ ಮತ್ತು ಡಬಲ್‌ಡೇ ಅವರು ಅಣುವಿನ ಇಂಗಾಲದ ಸರಪಳಿ ದೀರ್ಘವಾದಂತೆಲ್ಲ ಘರ್ಷಣೆ ಕುಗ್ಗುತ್ತ ಹೋಗುವ ಕ್ರಮವನ್ನು ನಿರೂಪಿಸಿದರು. ಧ್ರುವೀಯವಾದ ತಲೆ ಲೋಹಕ್ಕೆ ಅಂಟಿಕೊಳ್ಳಲು, ಬಾಲಗಳು ಗದ್ದೆಯಲ್ಲಿ ಒತ್ತಾಗಿ ನಿಂತ ಪೈರಿನಂತೆ ಹೊರಮುಖವಾಗಿ ನಿಂತು ಎರಡು ಮೈಗಳನ್ನು ಬೇರ್ಪಡಿಸುವುವು. ಮುಂದೆ ಬೌಡನ್ ಮತ್ತು ಟೇಬರ್ ಅವರು ಇದಕ್ಕೊಂದು ತಿದ್ದುಪಡಿಯನ್ನು ಸೇರಿಸಿದರು: ಮೇದಾಮ್ಲವು ಲೋಹದೊಡನೆ ರಾಸಾಯನಿಕವಾಗಿ ವರ್ತಿಸಿ ಸಾಬೂನಿನ ಪದರವಾಗಿ ಮಾರ್ಪಟ್ಟಾಗಲೇ ರಕ್ಷಣೆ ದೃಢವಾಗುವುದು, ಆ ಸಾಬೂನು ಕರಗುವ ಉಷ್ಣತೆಯ ಆಸುಪಾಸಿನಲ್ಲಿ ಅದು ಮುರಿದುಬೀಳುವುದು.

ಈ ಹಿನ್ನೆಲೆಯಲ್ಲಿ ನಮ್ಮ ಕರಾವಳಿಯ ಒಂದು ತ್ಯಾಜ್ಯವಸ್ತು ಪರಿಶೀಲನಾರ್ಹವಾಗಿದೆ. ಪೋರ್ಚುಗೀಸರೊಡನೆ ಬ್ರೆಜಿಲಿನಿಂದ ಬಂದ ಗೇರುಮರದ ಬೀಜವನ್ನು ಒಡೆಯುವ ಮಂಗಳೂರಿನ ಕಾರ್ಖಾನೆಗಳಲ್ಲಿ ಸಿಪ್ಪೆಯಿಂದ ಒಸರಿ, ಕೆಲಸದ ಹೆಂಗಸರ ಕೈಗಳನ್ನು ಸುಡುವ ಆ ಕಪ್ಪು ದ್ರವದಲ್ಲಿ ಬಹುಭಾಗ ಅನಾಕಾರ್ಡಿಕ್ ಆಮ್ಲವಿರುತ್ತದೆ. ಕಾಸಿದಾಗ ಅದು ಇಂಗಾಲದ ಡೈಆಕ್ಸೈಡನ್ನು ಕಳೆದುಕೊಂಡು ಕಾರ್ಡನಾಲ್ ಎಂಬ ಫೀನಾಲಾಗುತ್ತದೆ. ಹದಿನೈದು ಇಂಗಾಲಗಳ ಬಾಲವುಳ್ಳ ಈ ಅಣುವಿನ ತಲೆಯು ಲೋಹವನ್ನು ಹಿಡಿಯಬಲ್ಲುದಲ್ಲದೆ, ತನ್ನ ಜಲಜನಕವನ್ನು ಬಿಟ್ಟುಕೊಟ್ಟು ತೈಲದ ಉತ್ಕರ್ಷಣವನ್ನೂ ತಡೆಯಬಲ್ಲುದು. ಸಸ್ಯತೈಲಗಳ ಮುಖ್ಯ ದೌರ್ಬಲ್ಯವೇ ಬೇಗ ಉತ್ಕರ್ಷಿತವಾಗಿ ಅಂಟಾಗುವುದಾದ್ದರಿಂದ ಈ ಎರಡನೆಯ ಗುಣಕ್ಕೆ ವಿಶೇಷ ಬೆಲೆಯುಂಟು. ಇದಕ್ಕಾಗಿ ಉಣ್ಣುವ ಎಣ್ಣೆಯ ಒಂದು ತೊಟ್ಟನ್ನೂ ಕಸಿಯಬೇಕಾಗಿಲ್ಲವೆಂಬುದನ್ನು ಮರೆಯಲಾಗದು.

ವಿನೋದವೆಂದರೆ, ಉದ್ಯಮವು ಇದೇ ಎಣ್ಣೆಯನ್ನು ಪ್ರಧಾನವಾಗಿ ಬಳಸುತ್ತಿರುವುದು ಘರ್ಷಣೆಯನ್ನು ಕಾಪಾಡುವುದಕ್ಕೆ! ಮೋಟಾರು ವಾಹನಗಳ ಬ್ರೇಕ್ ಲೈನಿಂಗಿಗೆ ಸೇರಿಸುವ ಪುಡಿ ಇದರಿಂದಲೇ ತಯಾರಾಗುತ್ತದೆ. ಈ ವಿರೋಧಾಭಾಸದ ಮೂಲ ಬಾಲದಲ್ಲಿರುವ ದ್ವಿಬಂಧಗಳಲ್ಲಿದೆ. ಒಂದು, ಎರಡು, ಮೂರು ದ್ವಿಬಂಧಗಳುಳ್ಳ ಅಣುಗಳು ಬೆರೆತಿರುವ ಈ ಎಣ್ಣೆ ಕಾವಿನಲ್ಲಿ ಪರಸ್ಪರ ಹೆಣೆದುಕೊಂಡು ರಾಳದಂತೆ ಗಟ್ಟಿಯಾಗುವುದು. ಬ್ರೇಕಿಗೆ ವರವಾದ ಈ ಸ್ವಭಾವ ಬೇರಿಂಗಿಗೆ ಶಾಪ. ಆದುದರಿಂದ ಕೀಲೆಣ್ಣೆಗೆ ಒದಗಿಸುವ ಮುನ್ನ ಜಲಜನಕವನ್ನು ಕೂಡಿಸಿ ದ್ವಿಬಂಧಗಳನ್ನು ತಣಿಸುವುದೂ, ಫೀನಾಲಿನ ಪಕ್ಕದ ಸ್ಥಾನಗಳಲ್ಲಿ ಸ್ಥೂಲವಾದ ಗುಂಪುಗಳನ್ನು ನಿಲ್ಲಿಸಿ ಅದರ ಉತ್ಕರ್ಷಣರೋಧಕ ಶಕ್ತಿಯನ್ನು ವರ್ಧಿಸುವುದೂ ಅವಶ್ಯ.

ಸವೆತದ ಪರೀಕ್ಷೆಗೆ ನಾಲ್ಕು ಗುಂಡುಗಳ ಯಂತ್ರ ಬಹುಕಾಲದಿಂದ ರೂಢಿಯಲ್ಲಿದೆ: 12.7 ಮಿಲಿಮೀಟರ್ ವ್ಯಾಸದ ಮೂರು ಉಕ್ಕಿನ ಗುಂಡುಗಳ ಮೇಲೆ ನಾಲ್ಕನೆಯದನ್ನು ನಿಮಿಷಕ್ಕೆ 1200 ಸುತ್ತಿನಂತೆ, 75 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಒಂದು ಗಂಟೆ ತಿರುಗಿಸಿ ಕೆಳಗಿನ ಗುಂಡುಗಳ ಮೇಲೆ ಮೂಡಿದ ಕಲೆಯನ್ನು ಅಳೆಯುತ್ತಾರೆ. ಅಲ್ಲಿ ಕಲೆ ಕಿರಿದಾಯಿತೆಂದ ಮಾತ್ರಕ್ಕೆ ದ್ರವ್ಯವು ಪರಿಸರಸ್ನೇಹಿಯೆಂಬ ತೀರ್ಮಾನಕ್ಕೆ ಬರುವುದು ಅವಸರವಾದೀತು. ಸವೆತರೋಧಕ ಶಕ್ತಿಯನ್ನು ಹೆಚ್ಚಿಸಲು ಕಾರ್ಡನಾಲಿಗೆ ರಂಜಕ, ಗಂಧಕ, ಸತುಗಳನ್ನು ಜೋಡಿಸಿದರೆ, ವಾಹನಗಳ ಹೊಗೆ ಶುದ್ಧೀಕರಿಸುವ ವೇಗವರ್ಧಕವನ್ನು ಕೆಡಿಸುವ ಹಳೆಯ ದೋಷವೇ ಸಸ್ಯದ ಹೆಸರಿನಲ್ಲಿ ಮರಳಿ ಬರುವುದು. ಮರ ಕೊಯ್ಯುವ ಯಂತ್ರದ ಸರಪಳಿ, ದೋಣಿಯ ಹೊರಮೋಟಾರು ಮುಂತಾದೆಡೆ ಎಣ್ಣೆ ನೇರವಾಗಿ ನೆಲ-ನೀರುಗಳನ್ನು ಸೇರುವುದರಿಂದ, 28 ದಿನಗಳೊಳಗೆ ಶೇಕಡಾ 60ರಷ್ಟಾದರೂ ಜೈವಿಕವಾಗಿ ಕೊಳೆಯಬೇಕೆಂಬ ಅಂತಾರಾಷ್ಟ್ರೀಯ ಪರೀಕ್ಷೆಯ ಮಾನದಂಡವನ್ನು ಮೂಲತೈಲಕ್ಕೆ ಮಾತ್ರ ಅನ್ವಯಿಸದೆ, ಫೀನಾಲಿನ ಸೇರ್ಪಡೆ ಬೆರೆತ ಸಿದ್ಧ ಎಣ್ಣೆಗೂ ಅನ್ವಯಿಸಿ ನೋಡಬೇಕಾಗಿದೆ.